ಮಾರಿನ ಮೇಲೊಂದು ಗೇಣು

ಬಾಳಗಡಿಯಲ್ಲಿ ಬಸ್ಸಿಳಿದು, ಹಗ್ಗದ ಹೂವಪ್ಪನ ಅಂಗಡಿ ಎಲ್ಲಿ ಎಂದು ಯಾರನ್ನಾದರೂ ಕೇಳಿ ನೋಡಬೇಕಿತ್ತು. ದಾರಿ ಹೇಳುವ ಮೊದಲು ಅವರು ಎರಡೂ ತೋಳು ಅಗಲಿಸಿ ನಿಲ್ಲುತ್ತಿದ್ದರು. ಆಮೇಲೆ ಬಲಗೈಯ ಹೆಬ್ಬೆರಳನ್ನೂ ಕಿರುಬೆರಳನ್ನೂ ಚಾಚಿ, "ಓ, ಅವ್ನಾ? ಅಪ್ಪಂದು ಹೂವಪ್ಪನಾ?" ಎಂದು ನಗುತ್ತಿದ್ದರು. ಊರಿನಲ್ಲಿ ಒಬ್ಬ ಮನುಷ್ಯನ ಗುರುತು ಹೀಗೆ ಅಂಗೈ ಮೇಲೆ ಬಂದು ಕೂರುವುದು ಸುಮ್ಮನೆ ಅಲ್ಲ.

ಹೂವಪ್ಪ ಮಾರುತ್ತಿದ್ದುದು ನಾರಿನ ಹಗ್ಗ. ಕಡೂರಿನ ಕಡೆಯಿಂದ ತೆಂಗಿನ ನಾರು ತರಿಸಿ, ಅಂಗಡಿಯ ಹಿಂದಿನ ಅಂಗಳದಲ್ಲೇ ಹೊಸೆಯುತ್ತಿದ್ದ. ಬಾವಿಗೆ, ಗಾಡಿಗೆ, ದನಕ್ಕೆ, ಹುಲ್ಲಿನ ಹೊರೆಗೆ ಎಲ್ಲದಕ್ಕೂ ಅವನಲ್ಲಿ ಹಗ್ಗವಿತ್ತು. ಕೊಡುತ್ತಿದ್ದುದು ಮಾರಿನ ಲೆಕ್ಕದಲ್ಲಿ. ಎರಡು ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಮಾರಿಗೆ ನಾಲ್ಕು ಮೊಳ, ಮೊಳಕ್ಕೆ ಎರಡು ಗೇಣು. ಮಾರು ಅಂದರೆ ಆರಡಿ ಎಂದು ಪುಸ್ತಕದಲ್ಲಿ ಬರೆದಿರುತ್ತಾರೆ. ಬರೆದವರು ಆರಡಿ ಆಳೇ ಇರಬೇಕು. ಮೈಯ ಅಳತೆ ಮೈ ಇದ್ದ ಹಾಗೆ ಇರುತ್ತದೆಯೇ ಹೊರತು ಪುಸ್ತಕ ಹೇಳಿದ ಹಾಗೆ ಇರುವುದಿಲ್ಲ. ಟಿಂಬರ್ ಡಿಪೋದಲ್ಲಿ ದಿಮ್ಮಿಗಳ ಸುತ್ತಳತೆ ಹಿಡಿಯುತ್ತ ತಲೆ ಹಣ್ಣು ಮಾಡಿಕೊಂಡವನು ನಾನು. ಯಾವ ಮೇಷ್ಟ್ರೂ ಇದನ್ನು ನನಗೆ ಹೇಳಿಕೊಡಲಿಲ್ಲ, ಮರ ಹೇಳಿಕೊಟ್ಟಿತು.

ಹೂವಪ್ಪ ಗಿಡ್ಡ ಮನುಷ್ಯ. ಅವನು ಕೈ ಚಾಚಿದರೆ ಆರಡಿ ಕನಸಿನ ಮಾತು. ಅದಕ್ಕೇ ಅವನ ಅಳತೆಗೆ ಒಂದು ಬಾಲ. ಹಗ್ಗವನ್ನು ಎದೆಯ ಮೇಲೆ ಎಳೆದು ಹಿಡಿದು, "ಒಂದು ನಂದು" ಎನ್ನುವನು. ಅದರ ಮುಂದೆ ಒಂದು ಗೇಣು ಇಟ್ಟು, "ಇದು ಅಪ್ಪಂದು" ಎನ್ನುವನು. ಮತ್ತೆ ಕೈ ಅಗಲಿಸಿ, "ಎರಡು ನಂದು... ಇದು ಅಪ್ಪಂದು." ಹಬ್ಬದ ಸಂತೆ ಇರಲಿ, ಗಿರಾಕಿ ಬಸ್ಸು ತಪ್ಪುತ್ತದೆಂದು ಕುಣಿಯುತ್ತಿರಲಿ, ಅಪ್ಪನನ್ನು ಬಿಟ್ಟು ಅವನು ಮುಂದಕ್ಕೆ ಹೋದವನಲ್ಲ.

ಅವನಪ್ಪ ಭೈರಪ್ಪನನ್ನು ನಾನು ನೋಡಿಲ್ಲ. ನಾನು ಬಾಳಗಡಿಗೆ ಬರುವಷ್ಟರಲ್ಲಿ ಭೈರಪ್ಪ ತೀರಿಕೊಂಡಿದ್ದ. ಹೂವಪ್ಪನ ಬಾಯಲ್ಲಿ ಕೇಳಿದ್ದಷ್ಟೇ. "ಅಪ್ಪ ಆರಡಿ ಆಳು ಮಾರಾಯ್ರೇ. ಬಾಗಿಲಲ್ಲಿ ಬಗ್ಗಿಯೇ ಒಳಗೆ ಬರೋದು. ಅಪ್ಪನ ಮಾರು ಅಂದ್ರೆ ಶೃಂಗೇರಿ ಕಡೆಯೋರೂ ಹುಡುಕ್ಕೊಂಡು ಬರ್ತಿದ್ರು. ಅವನ ಮಗ ಗಿಡ್ಡ ಹುಟ್ಟಿದ ಅಂತ ಅವನ ಮಾರು ಗಿಡ್ಡ ಆಗ್ಬೇಕಾ?"

ಪಕ್ಕದ ಅಂಗಡಿ ಸಲೀಮನದು. ಪೈಪು, ಮೊಳೆ, ಬಣ್ಣ, ಜೊತೆಗೆ ನೈಲಾನ್ ಹಗ್ಗ. ಅವನದು ಮೀಟರಿನ ವ್ಯಾಪಾರ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಹೂವಪ್ಪನನ್ನು ಕೆಣಕದಿದ್ದರೆ ಸಲೀಮನಿಗೆ ಉಂಡದ್ದು ಕರಗುತ್ತಿರಲಿಲ್ಲ.

"ಹೂವಪ್ಪಣ್ಣ, ನನ್ನ ಮೀಟರು ನೋಡಿ. ಇದಕ್ಕೆ ಅಪ್ಪನೂ ಇಲ್ಲ, ಅಜ್ಜನೂ ಇಲ್ಲ. ಒಂದೇ ಸಲ ಅಳೆದ್ರೆ ಮುಗೀತು."

"ಹೌದಾ ಸಲೀಂ, ಅಪ್ಪ ಇಲ್ಲದ ಮೀಟರು ಅಂತ ನೀನೇ ಹೇಳಿಬಿಟ್ಯಲ್ಲ. ಇನ್ನು ನಾನೆಂತ ಹೇಳೋದು!"

ಹೀಗೆ ಅವರ ಬೆಳಗು ಮಧ್ಯಾಹ್ನವಾಗುತ್ತಿತ್ತು.

ಅಂಗಳದಲ್ಲಿ ಎರಡು ಕಲ್ಲುಕಂಬಗಳಿದ್ದವು. ಹೊಸೆದಾದ ಹಗ್ಗವನ್ನು ನೆನೆಸಿ, ಒಂದು ಕಂಬದಿಂದ ಇನ್ನೊಂದಕ್ಕೆ ಬಿಗಿದು ಕಟ್ಟಿ ಒಣಗಿಸುವುದು. ಭೈರಪ್ಪ ತನ್ನ ಕೈಯಲ್ಲೇ ಹತ್ತು ಮಾರು ಅಳೆದು ಅವನ್ನು ನೆಟ್ಟಿದ್ದನಂತೆ. ಅಲ್ಲಿ ಒಣಗಿದ ಹಗ್ಗ ಬಿಚ್ಚಿ ಅಳೆದರೆ ಹೂವಪ್ಪನ ಲೆಕ್ಕಕ್ಕೆ ಯಾವಾಗಲೂ ಒಂಬತ್ತೂವರೆಯೇ ಬರುತ್ತಿತ್ತು. "ಅರ್ಧ ಮಾರು ಗಂಟು ತಿಂತದೆ" ಎನ್ನುತ್ತಿದ್ದ. ಗಂಟಿಗೆ ಅಷ್ಟು ಹಸಿವೇ ಎಂದು ನಾವ್ಯಾರೂ ಕೇಳಲಿಲ್ಲ.

ಇನ್ನು ಆ ವರ್ಷದ ಸಂಗತಿಗೆ ಬರುತ್ತೇನೆ. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಊರಿನ ಅರ್ಧ ಜನ ಮೊಬೈಲು ಹಿಡಿದು ಸಿಗ್ನಲ್ಲಿಗಾಗಿ ರಸ್ತೆ ಪಕ್ಕದ ಎತ್ತರದ ದರೆ ಹತ್ತುತ್ತಿದ್ದ ಕಾಲ. ಶೆಟ್ಟಿಕೊಪ್ಪದ ಸುಬ್ಬಯ್ಯನವರು ಮಗಳು ಸರ್ವಮಂಗಳಾಳ ಮದುವೆಗೆ ಬಾವಿ ಹಗ್ಗ ಬೇಕೆಂದು ಬಂದರು. ನಮ್ಮಲ್ಲಿ ಮದುವೆಯ ದಿನ ಹುಡುಗಿ ಗಂಗೆ ಪೂಜೆ ಮಾಡಿ ಮನೆಯ ಬಾವಿಯಿಂದ ನೀರು ಸೇದಬೇಕು. ಅದಕ್ಕೆ ಹೊಸ ಕೊಡ, ಹೊಸ ಹಗ್ಗ. ಸುಬ್ಬಯ್ಯನವರು ತೆಂಗಿನ ಮರದಂಥ ಆಳು. ಅಂಗಡಿಯ ತಗಡು ತಲೆಗೆ ತಾಗದಂತೆ ಕತ್ತು ಬಗ್ಗಿಸಿಕೊಂಡೇ ಹೇಳಿದರು: "ಎಂಟು ಮಾರು ಕೊಡು ಹೂವಪ್ಪ. ಗಂಗೆ ಹಗ್ಗ, ಚಂದ ಇರ್ಲಿ."

ಹೂವಪ್ಪ ಹಬ್ಬದ ಅಡುಗೆಯ ಹಾಗೆ ಶ್ರದ್ಧೆಯಿಂದ ಹೊಸೆದ. ಎಂಟು ತನ್ನದು, ಎಂಟು ಅಪ್ಪಂದು ಎಂದು ಎಣಿಸಿ, ಅರಿಶಿನ ಹಚ್ಚಿ ಕೊಟ್ಟ. ಮದುವೆಗೆ ಹೇಳಿಕೆ ನನಗೂ ಇತ್ತು, ಅವನಿಗೂ ಇತ್ತು. ಇಸ್ತ್ರಿ ಅಂಗಿ ಹಾಕಿಕೊಂಡು ಬಂದವನು ಚಪ್ಪರದಲ್ಲಿ ಸಿಕ್ಕಿದವರಿಗೆಲ್ಲ, "ಗಂಗೆ ಹಗ್ಗ ನಮ್ದು" ಎಂದು ಹೇಳಿದ್ದೇ ಹೇಳಿದ್ದು. ಪಾನಕ ಕೊಟ್ಟವನಿಗೂ ಹೇಳಿದ.

ವಾದ್ಯದವರು ಬಾವಿಯ ಹತ್ತಿರ ಬಂದರು. ಮುತ್ತೈದೆಯರು ಆರತಿ ಎತ್ತಿದರು. ಸರ್ವಮಂಗಳಾ ಕೊಡ ಇಳಿಸಿದಳು. ಗಡಗಡೆ ಕಿರ್‌ಗುಟ್ಟುತ್ತ ಹಗ್ಗ ಇಳಿಯಿತು, ಇಳಿಯಿತು, ಇಳಿದು ತುದಿ ಕೈಗೆ ಬಂತು. ನೀರಿನ ಸದ್ದಿಲ್ಲ. ಹುಡುಗಿ ಬಗ್ಗಿ ನೋಡಿದಳು. ಕೊಡ ನೀರಿನಿಂದ ಎರಡು ಮೊಳ ಮೇಲೆ, ತೊಟ್ಟಿಲಿನ ಹಾಗೆ ತೂಗಾಡುತ್ತಿತ್ತು.

"ಎಂತಾಯ್ತೇ ಕೂಸೇ?" ಎಂದಳು ಒಬ್ಬ ಮುದುಕಿ.

"ನೀರು ಮುಟ್ತಾ ಇಲ್ಲ ಅಜ್ಜಿ."

ವಾದ್ಯದವರಿಗೆ ನಿಲ್ಲಿಸುವುದೋ ಬಾರಿಸುವುದೋ ತಿಳಿಯಲಿಲ್ಲ. ಗಂಡಿನ ಕಡೆಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಕಡೆಗೆ ಯಾರೋ ಕೊಟ್ಟಿಗೆಗೆ ಓಡಿ, ಕರು ಕಟ್ಟುವ ಕಣ್ಣಿಯನ್ನು ಬಿಚ್ಚಿ ತಂದು ಹಗ್ಗಕ್ಕೆ ಗಂಟು ಹಾಕಿದರು. ನೀರೇನೋ ಬಂತು. ಆದರೆ ಗಂಡಿನ ಸೋದರಮಾವ ದೊಡ್ಡ ಗಂಟಲಲ್ಲಿ, "ನಮ್ಮ ಕಡೆ ಗಂಗೆಗೆ ಹೂವು ಹಾಕ್ತಾರೆ. ನಿಮ್ಮ ಕಡೆ ಕಣ್ಣಿ ಹಾಕ್ತೀರಾ ಭಾವಯ್ಯ?" ಎಂದದ್ದಕ್ಕೆ ಇಡೀ ಅಂಗಳ ಗೊಳ್ಳೆಂದಿತು.

ಸುಬ್ಬಯ್ಯನವರ ಮುಖ ಕೆಂಪಾಯಿತು. ಅವರು ತಿರುಗಿದ್ದು ಹೂವಪ್ಪನ ಕಡೆಗೆ.

"ಎಂಟು ಮಾರು ಅಂದ್ರೆ ಇಷ್ಟೇನೋ? ನಿನ್ನಪ್ಪನೂ ಇದೇ ಅಳತೆಯವ್ನಾ?"

ಆ ಮಾತು ಹೂವಪ್ಪನಿಗೆ ಮುಳ್ಳಿನಂತೆ ನಾಟಿತು. ಊಟಕ್ಕೆ ಕೂತನೇ ಹೊರತು ಎಲೆಯ ಮೇಲೆ ಕೈ ಓಡಲಿಲ್ಲ. ಬರುವಾಗ ಬಸ್ಸಿನಲ್ಲಿ ನಾನು, "ಬಿಡಾ ಮಾರಾಯ, ಮದುವೆಮನೆ ಮಾತು" ಎಂದೆ.

"ನಂಗೆ ಅಂದಿದ್ರೆ ಬಿಡ್ತಿದ್ದೆ" ಎಂದ. "ಹಗ್ಗ ಹರಿದ್ರೆ ನನ್ನ ಬೈಲಿ. ಅಳತೆ ಅಪ್ಪಂದು. ಅದು ಕಮ್ಮಿ ಅಂದ್ರೆ ಅಪ್ಪ ಕಮ್ಮಿ ಅಂದ ಹಾಗೆ."

ಮಾತಿಗೆ ಮಾರುದ್ದದ ಕಾಲು. ನಾವು ಬಾಳಗಡಿ ಮುಟ್ಟುವಷ್ಟರಲ್ಲಿ ಅದು ನರಸಿಂಹರಾಜಪುರ ಸುತ್ತಿ ಕೊಪ್ಪದ ಪೇಟೆಯಲ್ಲಿ ಕಾಫಿ ಕುಡಿಯುತ್ತಿತ್ತು. ಹಗ್ಗಕ್ಕೆ ಬಂದವರು, "ಜೊತೆಗೊಂದು ಕಣ್ಣಿನೂ ಕೊಟ್ಟಿರು ಹೂವಪ್ಪ, ಇರ್ಲಿ" ಎನ್ನತೊಡಗಿದರು. ಬಾವಿ ಹಗ್ಗ ಹೇಳಿ ಹೋಗಿದ್ದ ಕಿಗ್ಗದ ಒಬ್ಬರು ಸುಳಿಯಲೇ ಇಲ್ಲ. ಹೂವಪ್ಪ ಈಗಲೂ "ಇದು ಅಪ್ಪಂದು" ಎನ್ನುತ್ತಿದ್ದ, ಆದರೆ ದನಿ ಗೇಣಿನಿಂದ ಚೋಟಿಗೆ ಇಳಿದಿತ್ತು. ಸಲೀಮನೇ ಒಂದು ದಿನ ನನ್ನ ಹತ್ತಿರ, "ಹೂವಪ್ಪಣ್ಣ ತಿರುಗಿ ಬೈಯೋದೇ ಬಿಟ್ಟಿದಾನೆ. ನಂಗೆ ಊಟ ಸೇರ್ತಿಲ್ಲ" ಎಂದು ದೂರಿದ.

ಮದುವೆಯ ಗದ್ದಲ ಮುಗಿದ ಮೇಲೆ ಸುಬ್ಬಯ್ಯನವರು ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಬಾಳಗಡಿಯಲ್ಲಿ ಇಳಿದರು. ನಾನು ಸಲೀಮನ ಅಂಗಡಿಯ ಬೆಂಚಿನ ಮೇಲಿದ್ದೆ.

"ತಗ ನಿನ್ನ ಹಗ್ಗ. ನೀನೇ ಅಳಿ ನೋಡಾಣ."

ಹೂವಪ್ಪ ಅಳೆದ. ಒಂದು ನಂದು, ಅಪ್ಪಂದು; ಎರಡು ನಂದು, ಅಪ್ಪಂದು. ಸರಿಯಾಗಿ ಎಂಟು. "ನೋಡಿ ಸುಬ್ಬಯ್ಯನೋರೇ."

"ಇತ್ತ ಕೊಡು" ಎಂದು ಅವರು ತಾವೇ ಅಳೆದರು. ಗರುಡ ರೆಕ್ಕೆ ಬಿಚ್ಚಿದ ಹಾಗೆ ಆ ತೋಳು ಹೋದವು. ಬಂದದ್ದು ಏಳೂವರೆ.

ಸಲೀಂ ತನ್ನ ಅಂಗಡಿಯಿಂದಲೇ, "ಚಂದದ ಹಗ್ಗ! ಆ ಕೈಯಲ್ಲಿ ಎಂಟು, ಈ ಕೈಯಲ್ಲಿ ಏಳೂವರೆ. ನನ್ನ ನೈಲಾನಿಗೆ ಈ ಜಾದೂ ಬರೋದಿಲ್ಲ" ಎಂದ.

ನನಗೆ ತಡೆಯಲಿಲ್ಲ. "ಸುಬ್ಬಯ್ಯನೋರೇ, ಬಾವಿ ಅಳೆದೋರು ಯಾರು?"

"ನಾನೇ. ಹಳೇ ಹಗ್ಗ ನೀರಿಗೆ ಬಿಟ್ಟು, ಎಳ್ಕೊಂತ ಎಂಟು ಮಾರು ಎಣಿಸಿದೆ."

"ಮತ್ತೆಂತ? ಬಾವಿ ನಿಮ್ಮ ತೋಳಲ್ಲಿ, ಹಗ್ಗ ಅವನ ತೋಳಲ್ಲಿ. ನಿಮ್ಮ ಚಪ್ಪಲಿ ಅಳತೆ ಹೇಳಿ ಅವನ ಕಾಲಿಗೆ ಹೊಲಿಸಿದ ಹಾಗಾಯ್ತು."

ಸುಬ್ಬಯ್ಯನವರು ಹಗ್ಗವನ್ನು ಮತ್ತೆ ಸುರುಳಿ ಸುತ್ತತೊಡಗಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೂವಪ್ಪ ಬಿಡಲಿಲ್ಲ.

"ನನ್ನ ತೋಳಲ್ಲ. ಗೇಣು ಸೇರಿಸಿದ ಮೇಲೆ ಅದು ಅಪ್ಪನ ತೋಳು. ಅಪ್ಪ ಆರಡಿ ಆಳು."

"ನಿನ್ನಪ್ಪನ ತೋಳನ್ನ ಈಗ ಎಲ್ಲಿಂದ ತರ್ತೀಯ ಮಾರಾಯ?"

"ಅಂಗಳದಲ್ಲಿದೆ, ಬನ್ನಿ" ಎಂದ ಹೂವಪ್ಪ. "ಹತ್ತು ಮಾರಿಗೆ ನೆಟ್ಟ ಕಂಬ. ಟೇಪು ಹಿಡೀರಿ. ಅರವತ್ತಡಿ ಇಲ್ಲ ಅಂದ್ರೆ ಗೇಣು ಇಡೋದನ್ನೇ ಬಿಟ್ಟುಬಿಡ್ತೀನಿ."

ಸಲೀಂ ನೂರಡಿಯ ಹೊಸ ಟೇಪಿನ ಕವರು ಹರಿದು ತಂದ. ತುದಿಯನ್ನು ಸುಬ್ಬಯ್ಯನವರು ಹಿಡಿದರು. ಇನ್ನೊಂದು ಕಡೆ ಓದುವವನು ನಾನು, ಡಿಪೋದವನು ಇರುವಾಗ ಬೇರೆಯವರು ಓದಲಿಕ್ಕುಂಟೇ? ಬಿಗಿಯಾಗಿ ಎಳೆದು ನೋಡಿದೆ. ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದೆ.

"ಐವತ್ತಾರು" ಎಂದೆ.

ಹೂವಪ್ಪ ಓಡಿ ಬಂದು ತಾನೇ ಬಗ್ಗಿ ನೋಡಿದ. "ಟೇಪು ಹಾಳು!"

"ಈಗಷ್ಟೇ ಬಿಚ್ಚಿದ್ದು ಹೂವಪ್ಪಣ್ಣ" ಎಂದ ಸಲೀಂ. ಕಿಸೆಯ ಮೊಬೈಲು ತೆಗೆದು ಒತ್ತಿದ. "ಹತ್ತರಿಂದ ಭಾಗಿಸಿದ್ರೆ ಐದು ಪಾಯಿಂಟ್ ಆರು. ಐದಡಿ ಆರಿಂಚು."

"ಆರಿಂಚಲ್ಲ ಮಾರಾಯ" ಎಂದೆ. "ಅಡಿಗೆ ಹನ್ನೆರಡು ಇಂಚು. ಅಡಿಯ ಹತ್ತು ಪಾಲಲ್ಲಿ ಆರು ಪಾಲು ಅಂದ್ರೆ ಏಳಿಂಚು ಚಿಲ್ಲರೆ. ಐದಡಿ ಏಳಿಂಚು." ಮೊಬೈಲಿಗೆ ಅಷ್ಟು ಗೊತ್ತಿದ್ದರೆ ನಮ್ಮಂಥವರು ಯಾಕೆ ಬೇಕು?

ಆಮೇಲೆ ಹೂವಪ್ಪನನ್ನೇ ಕೈ ಚಾಚಿ ನಿಲ್ಲಿಸಿ ಅಳೆದೆವು. ಐದಡಿ ಎರಡಿಂಚು. ಅವನ ಗೇಣು ಒಂಬತ್ತಿಂಚು. ಎರಡೂ ಸೇರಿ ಐದಡಿ ಹನ್ನೊಂದಿಂಚು. ಅಂದರೆ ಅವನು ಅಪ್ಪನ ಮಾರಿಗಿಂತ ಕಮ್ಮಿ ಕೊಟ್ಟಿರಲಿಲ್ಲ. ಪ್ರತಿ ಮಾರಿಗೂ ನಾಲ್ಕಿಂಚು ಹೆಚ್ಚೇ ಕೊಡುತ್ತ ಬಂದಿದ್ದ. ಒಣಗಿದ ಹಗ್ಗ ಒಂಬತ್ತೂವರೆಗೇ ಯಾಕೆ ನಿಲ್ಲುತ್ತಿತ್ತು ಎನ್ನುವುದೂ ಆಗ ತಿಳಿಯಿತು. ಗಂಟು ಪಾಪ, ಅಷ್ಟೊಂದು ತಿಂದೇ ಇರಲಿಲ್ಲ.

"ಹಂಗಾದ್ರೆ ನಿನ್ನ ಅಳತೆ ಕಮ್ಮಿ ಅಲ್ವೋ, ಜಾಸ್ತಿ!" ಎಂದರು ಸುಬ್ಬಯ್ಯನವರು. ಅವರ ಸಿಟ್ಟು ಆಗಲೇ ಇಳಿದಿತ್ತು.

ನಾವೆಲ್ಲ ಹೂವಪ್ಪ ಹಿಗ್ಗುತ್ತಾನೆ ಎಂದುಕೊಂಡೆವು. ಅವನು ಕಂಬದ ಬುಡದಲ್ಲಿ ಕುಕ್ಕರಿಸಿದ. ಮನುಷ್ಯನ ಮಾರೂ ಎತ್ತರವೂ ಹೆಚ್ಚುಕಮ್ಮಿ ಒಂದೇ ಎನ್ನುವುದು ಹಗ್ಗ ಅಳೆಯುವವನಿಗೆ ಯಾರೂ ಹೇಳಬೇಕಾಗಿಲ್ಲ.

"ಐದಡಿ ಏಳಿಂಚು ಅಂದ್ರೆ ಎಷ್ಟು ಎತ್ತರ?" ಎಂದು ಕೇಳಿದ.

"ನನ್ನಷ್ಟು" ಎಂದ ಸಲೀಂ.

ಹೂವಪ್ಪ ತಲೆಯೆತ್ತಿ ಸಲೀಮನನ್ನು ಪಾದದಿಂದ ನೆತ್ತಿಯವರೆಗೆ ನೋಡಿದ. ದಿನವೂ ನೋಡುವ ಸಲೀಂ, ಪೈಪು ಮಾರುವ ಸಲೀಂ.

"ಇಷ್ಟೇನಾ?" ಎಂದ.

ಸಲೀಮನಿಗೆ ಆ ಹೊತ್ತಿನಲ್ಲಿ ಒಂದು ತಮಾಷೆಯೂ ಹೊಳೆಯಲಿಲ್ಲ. ಬದಲಿಗೆ ಬೆನ್ನು ನೆಟ್ಟಗೆ ಮಾಡಿ, ಹಿಮ್ಮಡಿ ಒಂಚೂರು ಎತ್ತಿ ನಿಂತ. ನಾನು ಕಂಡರೂ ಕಾಣದವನ ಹಾಗಿದ್ದೆ.

ಅಷ್ಟರಲ್ಲಿ ಒಳಗಿನಿಂದ ಹೂವಪ್ಪನ ತಾಯಿ ಅನ್ನಮ್ಮ ಮಜ್ಜಿಗೆಯ ಚೊಂಬು ಹಿಡಿದು ಬಂದರು. ಬೆನ್ನು ಬಾಗಿದ್ದರೂ ನಾಲಿಗೆ ಬಾಗದ ಹೆಂಗಸು.

"ಎಂತಕ್ಕೆ ಅಂಗಳಕ್ಕೆ ಟೇಪು ಹಿಡಿದೀರಿ? ಮನೆ ಮಾರೋಕೆ ಹೊರಟ್ರಾ?"

"ಅವ್ವಾ, ಅಪ್ಪ ಎಷ್ಟೆತ್ತರ ಇದ್ದ?"

"ಎಷ್ಟು ಅಂದ್ರೆ? ಎಲ್ಲರ ಹಾಗೆ ಇದ್ರು."

"ಬಾಗಿಲಲ್ಲಿ ಬಗ್ಗಿ ಬರ್ತಿದ್ನಲ್ಲ?"

"ಆ ಬಾಗಿಲಲ್ಲಿ ಕೋಳಿನೂ ಬಗ್ಗೇ ಬರ್ತಿತ್ತು ಮಗಾ. ಆಗ ನಮ್ದು ಸೋಗೆ ಮನೆ."

ಸುಬ್ಬಯ್ಯನವರು ಮಜ್ಜಿಗೆ ಕುಡಿಯುವ ನೆವದಲ್ಲಿ ನಗು ನುಂಗಿದರು. ಹೂವಪ್ಪ ಬಿಡಲಿಲ್ಲ. "ಮತ್ತೆ ಗೇಣು? ಅಪ್ಪನ ಮಾರಿಗೆ ಒಂದು ಗೇಣು ಕಮ್ಮಿ ಬರ್ತದೆ, ಹಾಕಿ ಕೊಡು ಅಂತ ನೀನೇ ಹೇಳಿದ್ಯಲ್ಲ?"

"ಹೇಳಿದ್ದೆ. ಸುಳ್ಳಲ್ಲ. ನೀನು ಮೊದಲನೇ ಸಲ ಹಗ್ಗ ಅಳೆದಾಗ, ಅವ್ರು ಅಳೆದಿಟ್ಟಿದ್ದ ಹಗ್ಗದ ಪಕ್ಕ ಹಿಡಿದು ನೋಡಿದೆ. ಮಾರಿಗೊಂದು ಗೇಣು ಕಮ್ಮಿ ಇತ್ತು." ಅನ್ನಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. "ಆಗ ನಿಂಗೆ ಹದಿನಾರು. ಮೀಸೆ ಬಂದಿರ್ಲಿಲ್ಲ. ಆಮೇಲೆ ನೀನು ಬೆಳೆದೆ. ಇನ್ನು ಅಷ್ಟು ಬೇಡ, ಬಿಡು ಅಂತ ಹೇಳೋಕೆ ನಂಗೆ ನೆನಪಾಗ್ಲಿಲ್ಲ. ನೀನೂ ಕೇಳ್ಲಿಲ್ಲ."

ಹೂವಪ್ಪನ ಕಣ್ಣು ಅಗಲವಾಯಿತು.

"ನಾನು ಬೆಳೆದ್ನಾ?"

"ಬೆಳೀದೆ ಮತ್ತೆಂತ? ಊಟ ಹಾಕ್ಲಿಲ್ವಾ ನಾನು?"

ಜನ್ಮವಿಡೀ ಗಿಡ್ಡ ಎನಿಸಿಕೊಂಡವನಿಗೆ ಐವತ್ತರ ವಯಸ್ಸಿನಲ್ಲಿ, ನೀನು ಬೆಳೆದಿದ್ದೀಯ ಎಂದು ಯಾರಾದರೂ ಹೇಳಿದರೆ ಹೇಗಿರುತ್ತದೆ? ಹೂವಪ್ಪ ಎದ್ದು ನಿಂತ. ಕಂಬಕ್ಕೆ ಬೆನ್ನು ಕೊಟ್ಟು ಎರಡೂ ತೋಳು ಚಾಚಿದ. ಅಪ್ಪನ ಐದಡಿ ಏಳಿಂಚಿಗೆ ನಾನು ಟೇಪು ಹಿಡಿದು ತೋರಿಸಿದೆ. ಅವನ ಬೆರಳ ತುದಿಗೂ ಅಪ್ಪನ ಬೆರಳ ತುದಿಗೂ ನಡುವೆ ಉಳಿದದ್ದು ಒಂದು ಚೋಟು. ಹೆಬ್ಬೆರಳಿನಿಂದ ತೋರುಬೆರಳಿಗೆ ಎಷ್ಟೋ ಅಷ್ಟೇ. ಅವನು ಅದನ್ನು ತನ್ನ ಬೆರಳಲ್ಲೇ ಅಳೆದು, "ಓಹೋ, ಇಷ್ಟೇ" ಎಂದ. ಈ ಸಲದ "ಇಷ್ಟೇ" ಬೇರೆ ಇತ್ತು.

ಸಲೀಮನ ಬಾಯಿಗೂ ಜೀವ ಬಂತು. "ಮಾರಿಗೆ ನಾಲ್ಕಿಂಚು ಪುಕ್ಕಟೆ ಕೊಟ್ಟಿದೀರಲ್ಲ ಹೂವಪ್ಪಣ್ಣ, ಅಷ್ಟನ್ನೂ ಒಟ್ಟಿಗೆ ಕಟ್ಟಿದ್ರೆ ಇಲ್ಲಿಂದ ಶೃಂಗೇರಿಗೆ ಹೋಗಿ ವಾಪಸು ಬರಬಹುದಿತ್ತು."

"ಹೋಗಾ, ನಿನ್ನ ಮೀಟರು ಹಿಡ್ಕೊಂಡು ಕಿಗ್ಗದ ತನಕ ನಡಿ!" ಎಂದು ಹೂವಪ್ಪ ಗದರಿದ. ಸಲೀಮನ ಮುಖ ಅರಳಿತು. ಅವನಿಗೆ ಆ ದಿನ ಊಟ ಸೇರಿರಬೇಕು.

ಉಳಿದದ್ದು ಸುಬ್ಬಯ್ಯನವರ ಬಾವಿ. ಹೂವಪ್ಪ ಒಳಗಿನಿಂದ ಹೊಸ ಸುರುಳಿ ತಂದು, ತುದಿಯನ್ನು ಅವರ ಕೈಗೆ ಕೊಟ್ಟ.

"ನಿಮ್ಮ ಬಾವಿ, ನಿಮ್ಮ ಮಾರು. ನೀವೇ ಅಳೀರಿ."

ಅವರು ರೆಕ್ಕೆ ಬಿಚ್ಚಿ ಎಂಟು ಅಳೆದರು. ಕತ್ತರಿಸಲು ಹೂವಪ್ಪ ಕತ್ತಿ ಎತ್ತಿದ. ಸುಬ್ಬಯ್ಯನವರು ಕೈ ಅಡ್ಡ ಹಿಡಿದರು. "ತಡಿ ತಡಿ. ಮತ್ತೆ ಅಪ್ಪಂದು?"

"ನಿಮ್ಮ ಮಾರಿಗೆ ನಿಮ್ಮಪ್ಪನ್ನ ಕೇಳಿ!"

ಅಂಗಳದಲ್ಲಿ ಎದ್ದ ನಗುವಿಗೆ ಹಿತ್ತಲಿನ ಕೋಳಿ ಕೊಕ್ಕೊಕ್ಕೆಂದವು. ಹಳೆಯ ಗಂಗೆ ಹಗ್ಗವನ್ನು ಹೂವಪ್ಪ ಕೇಳಿದರೂ ಸುಬ್ಬಯ್ಯನವರು ಹಿಂದಿರುಗಿಸಲಿಲ್ಲ. ಎರಡನ್ನೂ ಹೆಗಲಿಗೇರಿಸಿ ಹೋದರು. ಶೆಟ್ಟಿಕೊಪ್ಪದ ಬಸ್ಸಿನಲ್ಲೇ ಶುರು ಮಾಡಿದ್ದರಂತೆ: "ಹೂವಪ್ಪನ ಮಾರು ಅಂದ್ರೆ ಅವನಪ್ಪನ ಮಾರಿಗಿಂತ ದೊಡ್ಡದು. ನಾನೇ ಟೇಪು ಹಿಡಿದು ನೋಡಿದೀನಿ." ಕೆಡಿಸಿದ ನಾಲಿಗೆಯೇ ಕಟ್ಟಿಕೊಟ್ಟರೆ ಅದಕ್ಕಿಂತ ಗಟ್ಟಿ ಗಂಟು ಇಲ್ಲ. ಕಿಗ್ಗದವರು ತಾವಾಗಿ ಬಂದರು. ಬಾವಿ ಹಗ್ಗಕ್ಕೆ ಬಂದವರಿಗೆಲ್ಲ ಹೂವಪ್ಪ ಅಂದಿನಿಂದ ಒಂದೇ ಮಾತು ಕೇಳುತ್ತಿದ್ದ: "ಬಾವಿ ಅಳೆದೋರು ಯಾರು? ಅವ್ರನ್ನೇ ಕರ್ಕೊಂಡು ಬನ್ನಿ."

ನನಗೆ ಮಾತ್ರ ಒಂದು ಕುತೂಹಲ ಉಳಿದಿತ್ತು. ಅರವತ್ತಡಿ ಇಲ್ಲದಿದ್ದರೆ ಗೇಣು ಬಿಡುತ್ತೇನೆಂದು ಅವನೇ ಎಲ್ಲರೆದುರು ಹೇಳಿದ್ದನಲ್ಲ! ಮಾರನೆಯ ದಿನ ಬೆಳಿಗ್ಗೆ ಬೇಕೆಂದೇ ಹೋಗಿ ಬೆಂಚಿನ ಮೇಲೆ ಕೂತೆ. ಹುಲ್ಲು ಕಟ್ಟುವ ಹಗ್ಗ ಬೇಕೆಂದು ಒಬ್ಬ ಹೆಂಗಸು ಬಂದಳು. ಹೂವಪ್ಪ ಎದೆಯ ಮೇಲೆ ಹಗ್ಗ ಎಳೆದ.

"ಒಂದು ನಂದು."

ಸಲೀಮನೂ ಕತ್ತು ಚಾಚಿದ. ಹೂವಪ್ಪ ಒಂದು ಗಳಿಗೆ ತಡೆದ. ಹೆಬ್ಬೆರಳು ತೋರುಬೆರಳು ಅಗಲಿಸಿ ಹಗ್ಗದ ಮೇಲೊಂದು ಚೋಟು ಇಟ್ಟ. "ಇದು ಅಪ್ಪಂದು." ಆಮೇಲೆ ತೋರುಬೆರಳನ್ನು ಮಡಚಿ, ಹೆಬ್ಬೆರಳು ಕದಲಿಸದೆ, ಕಿರುಬೆರಳನ್ನು ಗೇಣಿನ ತುದಿಯವರೆಗೂ ಚಾಚಿದ.

"ಮಿಕ್ಕಿದ್ದು ಅವ್ವಂದು" ಎಂದ.